ಮಾಸಿದ ಬಣ್ಣದ ಪುಟ್ಟ ಡಬ್ಬಿಗಳು

(ಹವ್ಯಾಸಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಅಂಗಡಿಯಿಂದ ಹೊಸ ಆಟಿಕೆ ತಂದುಕೊಟ್ಟರೆ ಮಗು ಅದನ್ನು ಅಂಗಿಯ ಅಂಚಿನಿಂದ ಒರೆಸಿ ಒರೆಸಿ ಹೊಳಪು ನೋಡುತ್ತದೆ. ನಾನು ಇವತ್ತು ಹೇಳಹೊರಟಿರುವುದು ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡುವ ದೊಡ್ಡವರ ವಿಚಾರ. ಸಾವಿರಾರು ರೂಪಾಯಿ ತೆತ್ತು ತರಿಸಿದ ಹೊಚ್ಚಹೊಸ ರೈಲು ಡಬ್ಬಿಯನ್ನು ಪೆಟ್ಟಿಗೆಯಿಂದ ತೆಗೆದು, ಮೇಜಿನ ಮೇಲಿಟ್ಟು, ಅದರ ಬಣ್ಣವನ್ನು ಬೇಕೆಂದೇ ಕೆಡಿಸುವವರು ಇವರು. ಮೈಗೆ ಬೂದುಬಣ್ಣದ ನೀರು ಬಳಿಯುತ್ತಾರೆ, ಅಂಚುಗಳಿಗೆ ತುಕ್ಕು ಹಿಡಿಸುತ್ತಾರೆ, ಅಕ್ಷರಗಳನ್ನು ಅರ್ಧಂಬರ್ಧ ಅಳಿಸುತ್ತಾರೆ. ಕಂಡವರು ‘ಇವರಿಗೇನು ಬಂತು’ ಎಂದು ಕೇಳದೆ ಇರುವುದಿಲ್ಲ. ನಮ್ಮ ಮನೆಯಲ್ಲೂ ಕೇಳಿದ್ದಾರೆ. ಉತ್ತರ ಹೇಳಲು ಆಗ ಬಾಯಿ ಬರಲಿಲ್ಲ; ಈ ಹೊತ್ತು ಪ್ರಯತ್ನಿಸುತ್ತೇನೆ.

ಮಾದರಿ ರೈಲು ಕಟ್ಟುವುದು ಅಮೆರಿಕ, ಇಂಗ್ಲೆಂಡ್, ಜರ್ಮನಿಗಳಲ್ಲಿ ಹಳೆಯ ಹವ್ಯಾಸ. ಅಮೆರಿಕದ ಮಿಲ್ವಾಕೀ ನಗರದಿಂದ ‘ಮಾಡೆಲ್ ರೈಲ್‌ರೋಡರ್’ ಎಂಬ ಮಾಸಿಕ ಹೊರಡತೊಡಗಿದ್ದು 1934ರ ಜನವರಿಯಲ್ಲಿ. ಮಾರನೆಯ ವರ್ಷ ಅದೇ ಊರಿನಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗೆ ‘ಎಚ್‌ಓ’ ಎಂದು ಹೆಸರು. ನಿಜವಾದ ರೈಲಿನ 87 ಅಡಿ ಇಲ್ಲಿ ಒಂದು ಅಡಿ. 40 ಅಡಿ ಉದ್ದದ ಸರಕಿನ ಡಬ್ಬಿ ಸುಮಾರು 14 ಸೆಂಟಿಮೀಟರಿಗೆ, ಅಂದರೆ ಕನ್ನಡಕದ ಪೆಟ್ಟಿಗೆಯಷ್ಟು ಗಾತ್ರಕ್ಕೆ ಇಳಿಯುತ್ತದೆ. ಆ ಅಂಗೈಯಗಲದ ಮೈಮೇಲೆ ಮೂವತ್ತು ವರ್ಷದ ಬಿಸಿಲು ಮಳೆಯನ್ನು ಕಾಣಿಸುವುದು ಹೇಗೆ, ಮತ್ತು ಯಾಕೆ?

ಮೊದಮೊದಲು ಯಾರಿಗೂ ಇದು ಬೇಕಾಗಿರಲಿಲ್ಲ. ಮಾದರಿ ಎಂದರೆ ಹೊಳೆಯಬೇಕು, ಕಾರ್ಖಾನೆಯಿಂದ ಆಗತಾನೆ ಹೊರಬಂದಂತಿರಬೇಕು ಎಂಬುದೇ ರೂಢಿ. ಆ ರೂಢಿಯನ್ನು ಮುರಿದವರಲ್ಲಿ ಎದ್ದುಕಾಣುವ ಹೆಸರು ಜಾನ್ ಆಲನ್. 1913ರಲ್ಲಿ ಹುಟ್ಟಿದ ಈತ ವೃತ್ತಿಯಿಂದ ಛಾಯಾಗ್ರಾಹಕ. ಕ್ಯಾಲಿಫೋರ್ನಿಯದ ಮಾಂಟೆರೇ ಊರಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಬೆಟ್ಟ, ಕಣಿವೆ, ಸೇತುವೆಗಳ ನಡುವೆ ಓಡುವ ರೈಲ್ವೆಯೊಂದನ್ನು ಕಟ್ಟಿದ. ಅದಕ್ಕೆ ‘ಗೋರ್ ಅಂಡ್ ಡ್ಯಾಫೆಟಿಡ್’ ಎಂದು ಹೆಸರಿಟ್ಟ. ಬಾಯಿಬಿಟ್ಟು ಓದಿದರೆ ಇಂಗ್ಲಿಷಿನಲ್ಲಿ ‘ನೆತ್ತರು ಸುರಿದು ಸೋತದ್ದು’ ಎಂದು ಕೇಳಿಸುವ ಕುಚೋದ್ಯ. ಡಬ್ಬಿಗಳನ್ನು ಅತ್ತಿತ್ತ ಸರಿಸಲು ಎಮ್ಮಾ ಎಂಬ ಡೈನೋಸಾರನ್ನು ಇಟ್ಟುಕೊಂಡಿದ್ದನೆಂದರೆ ಆಸಾಮಿಯ ಸ್ವಭಾವ ನಿಮಗೆ ತಿಳಿಯುತ್ತದೆ. ಆದರೆ ಬಣ್ಣದ ವಿಷಯ ಬಂದಾಗ ಆತ ಕುಚೋದ್ಯ ಮಾಡಿದವನಲ್ಲ. ಕ್ಯಾಮೆರಾದ ಕಣ್ಣಿಗೆ ಅಭ್ಯಾಸವಾದವನಿಗೆ ಹೊಳಪು ಎಷ್ಟು ಸುಳ್ಳು ಹೇಳುತ್ತದೆಂಬುದು ಗೊತ್ತಿತ್ತು. ಆತನ ಎಂಜಿನ್ನುಗಳ ಮೇಲೆ ಮಸಿಯಿತ್ತು, ಕಟ್ಟಡಗಳ ಹಲಗೆ ಬಿಳಿಚಿದ್ದವು, ಡಬ್ಬಿಗಳು ದಾರಿ ನಡೆದು ಬಂದಂತಿದ್ದವು. ಆ ಚಿತ್ರಗಳು ಪತ್ರಿಕೆಗಳಲ್ಲಿ ಬಂದ ಮೇಲೆ ಒಂದಿಡೀ ತಲೆಮಾರಿನ ಹವ್ಯಾಸಿಗಳ ಕಣ್ಣು ಬೇರೆಯಾಯಿತು. 1973ರ ಜನವರಿಯಲ್ಲಿ ಆಲನ್ ತೀರಿಕೊಂಡ. ಹತ್ತೇ ದಿನಕ್ಕೆ ಬೆಂಕಿ ಬಿದ್ದು ಆ ರೈಲ್ವೆಯ ಬಹುಪಾಲು ನಾಶವಾಯಿತು. ಇವತ್ತು ನಾವು ಅದನ್ನು ಕಾಣುವುದು ಫೋಟೋಗಳಲ್ಲಿ. ಈ ಫೋಟೋಗಳ ಸಂಗತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಈಗ ಬಣ್ಣಕ್ಕೆ ಬರೋಣ. ಹಳೆಯ ಕಬ್ಬಿಣದ ಗೇಟಿನ ಮೇಲೋ ಬಿಸಿಲಲ್ಲಿ ನಿಂತ ಹಳೆಯ ಬಸ್ಸಿನ ಮೈಮೇಲೋ ಅಂಗೈ ಸವರಿ ನೋಡಿದ್ದೀರಾ? ಕೈಗೆ ಪುಡಿ ಹತ್ತುತ್ತದೆ. ಬಣ್ಣವೆಂಬುದು ಎರಡು ವಸ್ತುಗಳ ಕೂಟ. ಒಂದು, ಬಣ್ಣ ಕೊಡುವ ನುಣ್ಣನೆಯ ಪುಡಿ. ಇನ್ನೊಂದು, ಆ ಪುಡಿಯನ್ನು ಹಿಡಿದಿಡುವ ಅಂಟು. ಹಿಂದೆ ಅದು ಅಗಸೆ ಎಣ್ಣೆ, ಆಮೇಲೆ ಬಗೆಬಗೆಯ ರಾಳಗಳು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಮೊದಲು ಕೈಹಾಕುವುದು ಈ ಅಂಟಿಗೆ. ಅದರ ಅಣುಸರಪಳಿಗಳು ತುಂಡಾಗುತ್ತವೆ, ಗಾಳಿಯ ಆಮ್ಲಜನಕ ಮತ್ತು ಮಳೆನೀರು ಉಳಿದ ಕೆಲಸ ಮಾಡುತ್ತವೆ. ಮೇಲ್ಪದರದ ಅಂಟು ಸವೆದುಹೋಗಿ, ಹಿಡಿತ ತಪ್ಪಿದ ಪುಡಿ ಮೈಮೇಲೆ ಸುಣ್ಣದಂತೆ ನಿಲ್ಲುತ್ತದೆ.

ಅಮೆರಿಕದ ಸರಕಿನ ಡಬ್ಬಿಗಳಿಗೆ ಬಹುಕಾಲ ಬಳಿದದ್ದು ಕಬ್ಬಿಣದ ಆಕ್ಸೈಡಿನ ಕೆಂಗಂದು ಬಣ್ಣ. ಅಗ್ಗ, ಗಟ್ಟಿ, ಕೊಳೆ ಹತ್ತಿದರೂ ಅಷ್ಟಾಗಿ ಕಾಣದು. ಇದು ನಮಗೆ ಹೊಸದಲ್ಲ. ನಮ್ಮ ಹಳ್ಳಿಮನೆಗಳ ಹೊಸ್ತಿಲು, ಕಟ್ಟೆಗಳಿಗೆ ಬಳಿಯುವ ಕೆಮ್ಮಣ್ಣು, ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ, ನಮ್ಮ ರೈಲ್ವೆಯ ಕಂದು ವ್ಯಾಗನ್‌ಗಳು ಎಲ್ಲಕ್ಕೂ ಬಣ್ಣ ಕೊಡುವುದು ಇದೇ ವಸ್ತು. ಹೊಸಪೇಟೆ, ತೋರಣಗಲ್ಲು ಕಡೆ ಅದಿರು ಹೊತ್ತ ವ್ಯಾಗನ್ ನಿಂತಿದ್ದರೆ ಬಣ್ಣ ಎಲ್ಲಿ ಮುಗಿಯಿತು, ಅದಿರಿನ ಧೂಳು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಎರಡೂ ಒಂದೇ ಬಸಿರಿನವು.

ಒಂದು ಸೂಕ್ಷ್ಮ ಗಮನಿಸಿ. ಕಬ್ಬಿಣದ ಆಕ್ಸೈಡಿಗೆ ಬಿಸಿಲಿನಿಂದ ಹೆಚ್ಚೇನೂ ಆಗುವುದಿಲ್ಲ. ಲಕ್ಷಾಂತರ ವರ್ಷ ಬಯಲಲ್ಲಿ ಬಿದ್ದಿದ್ದ ಮಣ್ಣು ಅದು. ಹಾಗಿದ್ದೂ ಹಳೆಯ ಡಬ್ಬಿ ಬಿಳಿಚಿದಂತೆ ಕಾಣುವುದು, ಒರಟಾದ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುವುದರಿಂದ. ಅದಕ್ಕೇ ಮಳೆ ಬಂದಾಗ ಅದೇ ಡಬ್ಬಿ ಹೊಸದರಂತೆ ಗಾಢವಾಗುತ್ತದೆ. ಒಣಗಿದರೆ ಮತ್ತೆ ಬಿಳಿಚುತ್ತದೆ. ಒದ್ದೆ ಬೆರಳಿನಿಂದ ಒಂದು ಗೆರೆ ಎಳೆದರೂ ಸಾಕು, ಹಳೆಯ ಕೆಂಪು ಇಣುಕುತ್ತದೆ. ಆದರೆ ರಸಾಯನಶಾಲೆಯಲ್ಲಿ ಹುಟ್ಟಿದ ಕೆಲವು ಉಜ್ವಲ ಕೆಂಪುಗಳ ಕತೆಯೇ ಬೇರೆ. ಅವುಗಳಲ್ಲಿ ಬಣ್ಣದ ಅಣುವೇ ಒಡೆಯುತ್ತದೆ. ಕಡುಗೆಂಪು ಗುಲಾಬಿಯಾಗುತ್ತದೆ, ನೀರು ಹಾಕಿದರೆ ಒದ್ದೆ ಗುಲಾಬಿಯಾಗುತ್ತದೆ, ಅಷ್ಟೆ. ಸೀಸದ ಕ್ರೋಮೇಟಿನ ಹಳದಿಯಂತೂ ಬಿಳಿಚುವ ಬದಲು ಕಪ್ಪಿಡುವುದೂ ಉಂಟು. ಆದ್ದರಿಂದ ಎಲ್ಲ ಬಣ್ಣಕ್ಕೂ ಒಂದೇ ಬಿಳಿ ನೀರು ಬಳಿದು ‘ಮಾಸಿತು’ ಎನ್ನುವುದು ಅಡುಗೆಮನೆಯ ಎಲ್ಲ ಪಾತ್ರೆಗೂ ಒಂದೇ ಸಾರಿನ ಪುಡಿ ಹಾಕಿದಂತೆ.

ಇನ್ನು ಬಿಳಿಯ ಅಕ್ಷರಗಳು. ಹಿಂದೆ ಬಿಳಿಗೆ ಸಫೇದಾ, ಅಂದರೆ ಸೀಸದ ಬಿಳಿ. ಇಪ್ಪತ್ತನೆಯ ಶತಮಾನದಲ್ಲಿ ಟೈಟಾನಿಯಂ ಡೈಆಕ್ಸೈಡ್ ಬಂತು. ಅದರ ಒಂದು ಬಗೆಗೆ ವಿಚಿತ್ರ ಗುಣವಿದೆ. ಬಿಸಿಲು ಬಿದ್ದಾಗ ತನ್ನನ್ನು ಹಿಡಿದಿರುವ ಅಂಟನ್ನು ತಾನೇ ಒಡೆಯಲು ನೆರವಾಗುತ್ತದೆ. ಅಕ್ಷರ ಪುಡಿಯಾಗುತ್ತದೆ, ಮಳೆ ಆ ಪುಡಿಯನ್ನು ತೊಳೆದು ಕೆಳಗಿಳಿಸುತ್ತದೆ. ಕಂಪನಿಯ ಹೆಸರಿನ ಪ್ರತಿಯೊಂದು ಅಕ್ಷರದ ಕೆಳಗೂ ಹಾಲು ಸೋರಿದಂತೆ ಬಿಳಿ ಗೆರೆಗಳು. ಹಳೆಯ ಅಮೆರಿಕನ್ ಡಬ್ಬಿಗಳ ಚಿತ್ರ ನೋಡಿದವರಿಗೆ ಇದು ಚಿರಪರಿಚಿತ. ಹೆಸರು ಸಾಯುವ ಮೊದಲು ಅತ್ತಂತೆ ಕಾಣುತ್ತದೆ ಎಂದು ನನಗೊಮ್ಮೆ ಅನ್ನಿಸಿತ್ತು. ಆದರೆ ಅದು ನನ್ನ ಭಾವುಕತೆ, ರಸಾಯನಶಾಸ್ತ್ರವಲ್ಲ.

ಬಣ್ಣ ಮಾಸುವ ರೀತಿ ಇಷ್ಟು ಕ್ರಮಬದ್ಧವಾದ್ದರಿಂದಲೇ ಮಾಸಿದ ಡಬ್ಬಿಯನ್ನು ಓದಬಹುದು. ಬಿಸಿಲು ನೇರವಾಗಿ ಬೀಳುವ ಚಾವಣಿ ಎಲ್ಲಕ್ಕಿಂತ ಮೊದಲು ಕೆಡುತ್ತದೆ. ಚಾವಣಿ ಸತು ಲೇಪಿಸಿದ ತಗಡಾದರೆ ಬಣ್ಣ ಅದಕ್ಕೆ ಸರಿಯಾಗಿ ಕಚ್ಚುವುದಿಲ್ಲ. ದೊಡ್ಡ ದೊಡ್ಡ ಹಾಳೆಗಳಾಗಿ ಎದ್ದುಹೋಗುತ್ತದೆ. ಒದ್ದೆ ಹಳಿಯ ಮೇಲೆ ಓಡುವಾಗ ಗಾಲಿ ಎರಚಿದ ಕೆಸರು ಡಬ್ಬಿಯ ಹಿಂದು ಮುಂದಿನ ಗೋಡೆಗಳ ಮೇಲೆ, ಸರಿಯಾಗಿ ಹಳಿಯ ನೇರಕ್ಕೆ ಎರಡು ಪಟ್ಟೆ ಮೂಡಿಸುತ್ತದೆ. ಸಿಮೆಂಟು ಸಾಗಿಸುವ ಡಬ್ಬಿಯ ಬಾಯಿಯಿಂದ ಬೂದು ಗೆರೆ ಇಳಿದಿರುತ್ತದೆ, ಎಣ್ಣೆಯ ಟ್ಯಾಂಕಿನ ಹೊಟ್ಟೆಯ ನಡುವೆ ಕರಿ ಗೆರೆ. ಕಲ್ಲಿದ್ದಲಿನ ವ್ಯಾಗನ್ನಿನ ಒಳಮೈ ಉಜ್ಜಿ ಉಜ್ಜಿ ನುಣುಪಾಗಿ ಹೊಳೆಯುತ್ತಿದ್ದರೆ ಹೊರಮೈ ಮಸಿ. ಡಬ್ಬಿಯ ಖಾಲಿ ತೂಕವನ್ನು ಆಗಾಗ ಮತ್ತೆ ತೂಗಿ ಬರೆಯಬೇಕೆಂಬ ನಿಯಮವಿತ್ತು. ಅದಕ್ಕಾಗಿ ಹಳೆಯ ಅಂಕಿಯ ಮೇಲೆ ಹೊಸ ಬಣ್ಣದ ಚೌಕ ಬಳಿದು ತೂಕ, ತಿಂಗಳು, ವರ್ಷ ಬರೆಯುತ್ತಿದ್ದರು. ಮಾಸಿದ ಮೈಮೇಲೆ ಆ ಗಾಢ ಚೌಕ ತೇಪೆ ಹಾಕಿದಂತೆ ಎದ್ದು ಕಾಣುತ್ತದೆ. ಡಬ್ಬಿ ಹುಟ್ಟಿದ ತಿಂಗಳು ವರ್ಷವೂ ಅದರ ಮೈಮೇಲೇ ಇರುತ್ತದೆ. ಹುಟ್ಟಿದ್ದು 1957, ತೂಕ ಮಾಡಿದ್ದು 1971 ಎಂದು ಬರೆದಿದ್ದರೆ ನಡುವಿನ ಹದಿನಾಲ್ಕು ವರ್ಷ ಬಣ್ಣದಲ್ಲಿ ಕಾಣಲೇಬೇಕು.

ಹೊಸ ಹವ್ಯಾಸಿ ತಪ್ಪುವುದು ಇಲ್ಲೇ. ಒಂದು ದಿನ ಉತ್ಸಾಹದಿಂದ ಕುಳಿತು ಇಪ್ಪತ್ತು ಡಬ್ಬಿಗಳಿಗೂ ಒಂದೇ ಕೆಸರು, ಒಂದೇ ತುಕ್ಕು ಬಳಿದುಬಿಡುತ್ತಾನೆ. ಇಪ್ಪತ್ತೂ ಒಂದೇ ಹೊಂಡದಲ್ಲಿ ಬಿದ್ದೆದ್ದು ಬಂದಂತಿರುತ್ತವೆ. ಅಮೆರಿಕದಲ್ಲಿ ಒಂದು ಕಂಪನಿಯ ಡಬ್ಬಿ ಇನ್ನೊಂದು ಕಂಪನಿಯ ಹಳಿಯ ಮೇಲೆ ದೇಶದ ಆಚೆ ತುದಿಯವರೆಗೂ ಹೋಗುತ್ತದೆ. ಒಂದು ಗೂಡ್ಸ್ ಗಾಡಿಯಲ್ಲಿ ನಿನ್ನೆ ಹುಟ್ಟಿದ ಡಬ್ಬಿಯ ಪಕ್ಕದಲ್ಲೇ ನಿವೃತ್ತಿಗೆ ಬಂದದ್ದು ಇರುತ್ತದೆ. ನನ್ನ ಮೊದಲ ಡಬ್ಬಿಗೆ ನಾನು ಬಳಿದ ತುಕ್ಕು ನೋಡಿ ಹಿರಿಯರೊಬ್ಬರು ‘ಇದನ್ನೇನು ಸಮುದ್ರದಿಂದ ಎತ್ತಿದ್ದೋ?’ ಎಂದು ಕೇಳಿದ್ದರು. ಅದಾದ ಮೇಲೆ ಕುಂಚ ಮುಟ್ಟುವ ಮೊದಲು ಡಬ್ಬಿಯ ಜಾತಕ ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡೆ.

ಕೊಳೆಯ ಶಕ್ತಿಯನ್ನು ಕಡೆಗಣಿಸಿ ಪೆಟ್ಟು ತಿಂದ ದೊಡ್ಡವರೂ ಇದ್ದಾರೆ. ಇವತ್ತು ಅಂಗಡಿಯ ಸೋಪಿನ ಪೆಟ್ಟಿಗೆಯ ಮೇಲೂ ಕರಿ ಗೆರೆಗಳ ಗುರುತು ಇರುತ್ತದಲ್ಲ, ಅಂಥದೇ ಒಂದನ್ನು ಅಂಗಡಿಗಳಿಗಿಂತ ಮೊದಲೇ ರೈಲಿಗೆ ಹಚ್ಚಿದ್ದರು. ‘ಕಾರ್‌ಟ್ರ್ಯಾಕ್’ ಎಂದು ಅದರ ಹೆಸರು. ಕೆಂಪು, ನೀಲಿ, ಬಿಳಿ, ಕಪ್ಪು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿದ ಫಲಕ. ಹಳಿಯ ಪಕ್ಕದ ಯಂತ್ರ ಬೆಳಕು ಚೆಲ್ಲಿ, ಓಡುವ ಡಬ್ಬಿಯ ಸಂಖ್ಯೆಯನ್ನು ಓದಿಕೊಳ್ಳಬೇಕು. 1967ರಲ್ಲಿ ಅಮೆರಿಕದ ರೈಲ್ವೆಗಳ ಒಕ್ಕೂಟ ಇದನ್ನು ಒಪ್ಪಿ, ದೇಶದ ಡಬ್ಬಿಗಳಿಗೆಲ್ಲ ಅಂಟಿಸಬೇಕೆಂದಿತು. ಯೋಜನೆ ಕಾಗದದ ಮೇಲೆ ಚೊಕ್ಕವಾಗಿತ್ತು. ಡಬ್ಬಿ ಮಾತ್ರ ಕಾಗದದ ಮೇಲೆ ಓಡುವುದಿಲ್ಲವಲ್ಲ! ಫಲಕದ ಮೇಲೆ ಧೂಳು ಕೂತಿತು, ಎಣ್ಣೆ ಮೆತ್ತಿತು, ಪಟ್ಟಿಗಳು ಮಾಸಿದವು, ತೊಳೆಯುವವರು ಯಾರೂ ಇರಲಿಲ್ಲ. 1970ರ ದಶಕದ ನಡುವಿನ ಹೊತ್ತಿಗೆ ಸುಮಾರು ಐದರಲ್ಲಿ ಒಂದು ಫಲಕ ಯಂತ್ರಕ್ಕೆ ಓದಿಸದಾಯಿತು. ಆ ದಶಕದ ಕೊನೆಗೆ ಯೋಜನೆಯನ್ನೇ ಕೈಬಿಟ್ಟರು. ಕೊಳೆಯ ಹಂಗಿಲ್ಲದ ರೇಡಿಯೋ ಬಿಲ್ಲೆಗಳು 1990ರ ದಶಕದಲ್ಲಿ ಬಂದ ಮೇಲೆ ಆ ಕೆಲಸ ನಡೆಯಿತು. ಹಳೆಯ ಫಲಕಗಳನ್ನು ಕೀಳುವ ಗೋಜಿಗೆ ಎಷ್ಟೋ ಕಡೆ ಯಾರೂ ಹೋಗಲಿಲ್ಲ. ಹಾಗಾಗಿ 1980ರ ಡಬ್ಬಿಯ ಮಾದರಿ ಮಾಡುವವನು ಆ ಬಣ್ಣದ ಫಲಕವನ್ನೂ ಅಂಟಿಸಬೇಕು, ಅಂಟಿಸಿದ ಮೇಲೆ ಅದು ಓದಲಾಗದಂತೆ ಕೊಳೆ ಮಾಡಬೇಕು.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟ ಭಾಗಕ್ಕೆ ಬರುತ್ತೇನೆ. ಬಣ್ಣ ಮಾಸುವುದಕ್ಕೆ ಬಿಸಿಲು ಅರ್ಧ ಕಾರಣ. ಇನ್ನರ್ಧ, ಮತ್ತೆ ಬಣ್ಣ ಬಳಿಯಲು ಯಾರೂ ಇಲ್ಲದ್ದು ಅಥವಾ ಬಳಿಯಲು ದುಡ್ಡಿಲ್ಲದ್ದು.

1970ರ ದಶಕದಲ್ಲಿ ಅಮೆರಿಕದಲ್ಲಿ ಮುಚ್ಚಿದ ಸರಕಿನ ಡಬ್ಬಿಗಳಿಗೆ ಬರ ಬಂತು. ಒಂದು ಕಂಪನಿಯ ಡಬ್ಬಿ ಇನ್ನೊಂದರ ಹಳಿಯ ಮೇಲಿದ್ದಷ್ಟು ದಿನ ಯಜಮಾನನಿಗೆ ದಿನಬಾಡಿಗೆ ಸಲ್ಲುವುದು ಅಲ್ಲಿನ ಪದ್ಧತಿ. ಹೊಸ ಡಬ್ಬಿ ಕಟ್ಟಿಸುವವರಿಗೆ ಸರ್ಕಾರ ಈ ಬಾಡಿಗೆಯಲ್ಲಿ ಪ್ರೋತ್ಸಾಹ ಕೊಟ್ಟಿತು. ತೆರಿಗೆ ಉಳಿಸುವ ದಾರಿ ಹುಡುಕುತ್ತಿದ್ದ ಹಣವಂತರು ಒಳನುಗ್ಗಿದರು. ಕೆಲವೇ ಮೈಲಿ ಹಳಿಯಿದ್ದ ಪುಟ್ಟ ಪುಟ್ಟ ರೈಲ್ವೆಗಳ ಹೆಸರಿನಲ್ಲಿ ಸಾವಿರಾರು ಡಬ್ಬಿಗಳು ಬಂದವು. ಹಸಿರು, ನೀಲಿ, ಹಳದಿ, ಕಿತ್ತಳೆ. ದೊಡ್ಡ ದೊಡ್ಡ ಲಾಂಛನಗಳು. ಅಷ್ಟು ಕಾಲ ಕೆಂಗಂದು ಬಣ್ಣದ್ದಾಗಿದ್ದ ಗೂಡ್ಸ್ ಗಾಡಿ ಜಾತ್ರೆಯ ಮೆರವಣಿಗೆಯಂತಾಯಿತು. ಎಲ್ಲ ಡಬ್ಬಿಗಳೂ ಒಟ್ಟಿಗೆ ಮನೆಗೆ ಬಂದರೆ ನಿಲ್ಲಿಸಲು ಹಳಿ ಸಾಲದಂಥ ಕಂಪನಿಗಳೂ ಇದ್ದವು. 1980ರ ಹೊತ್ತಿಗೆ ಸರಕು ಇಳಿಯಿತು, ಬಾಡಿಗೆ ನಿಂತಿತು, ಡಬ್ಬಿಗಳು ನಿಜವಾಗಿಯೂ ಮನೆಗೆ ಬಂದವು. ಮೈಲಿಗಟ್ಟಲೆ ಸಾಲಾಗಿ ಬದಿಯ ಹಳಿಗಳ ಮೇಲೆ ನಿಂತವು. ನಿಂತಲ್ಲೇ ನಿಂತ ಡಬ್ಬಿಯ ಒಂದು ವಿಶೇಷವೆಂದರೆ, ಉತ್ತರ ಗೋಳಾರ್ಧದಲ್ಲಿ ಬಿಸಿಲು ದಕ್ಷಿಣದಿಂದ ಬೀಳುವುದರಿಂದ, ದಕ್ಷಿಣದ ಮಗ್ಗುಲು ಹೆಚ್ಚು ಬಿಳಿಚುತ್ತದೆ. ಓಡಾಡುವ ಡಬ್ಬಿ ಸುತ್ತಿ ಸುಳಿದು ಎರಡು ಮಗ್ಗುಲಿಗೂ ಬಿಸಿಲು ಕಾಯಿಸಿಕೊಳ್ಳುತ್ತದೆ. ಕೆಲಸವಿಲ್ಲದೆ ನಿಂತದ್ದು ಒಂದೇ ಮಗ್ಗುಲಲ್ಲಿ ಮುದಿಯಾಗುತ್ತದೆ. ಆಮೇಲೆ ಆ ಡಬ್ಬಿಗಳನ್ನು ದೊಡ್ಡ ಕಂಪನಿಗಳು ಕೊಂಡವು. ಪೂರ್ತಿ ಬಣ್ಣ ಬಳಿಯುವ ಖರ್ಚು ಯಾರಿಗೆ ಬೇಕು? ಹಳೆಯ ಗುರುತಿನ ಮೇಲೆ ಒಂದು ತೇಪೆ, ಅದರ ಮೇಲೆ ಹೊಸ ಗುರುತು. ಸತ್ತ ಪುಟ್ಟ ರೈಲ್ವೆಯ ಲಾಂಛನ ಪಕ್ಕದಲ್ಲೇ ಉಳಿದು, ದಶಕಗಟ್ಟಲೆ ದೇಶ ತಿರುಗಿತು.

ರಾಕ್ ಐಲೆಂಡ್ ಎಂಬ ದೊಡ್ಡ ರೈಲ್ವೆಯ ಕತೆ ಇದಕ್ಕಿಂತ ಕಹಿ. 1975ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಅದೇ ಕಾಲಕ್ಕೆ ಹೊಸ ಜೀವ ಬಂದೀತೆಂಬ ಆಸೆಯಿಂದ ತಿಳಿನೀಲಿ ಮತ್ತು ಬಿಳಿಯ ಹೊಸ ಬಣ್ಣಗಳನ್ನು ಬಳಿದುಕೊಂಡಿತು. 1980ರ ಮಾರ್ಚ್ 31ಕ್ಕೆ ಓಡಾಟ ನಿಂತೇಹೋಯಿತು. ಅದರ ನೀಲಿ ಡಬ್ಬಿಗಳು ಬೇರೆಯವರ ಪಾಲಾಗಿ, ಬೇರೆಯವರ ಸಂಖ್ಯೆ ಹೊತ್ತು ಓಡಿದವು. ಆ ನೀಲಿ ಎಷ್ಟು ಮಾಸಿದೆ ಎಂದು ನೋಡಿದರೆ ಆ ಆಸೆಗೆ ಎಷ್ಟು ವರ್ಷವಾಯಿತೆಂದು ತಿಳಿಯುತ್ತಿತ್ತು.

ಇದರ ನಗೆಯ ಮುಖವೂ ಒಂದಿದೆ. ಸದರ್ನ್ ಪೆಸಿಫಿಕ್ ಮತ್ತು ಸಾಂಟಾ ಫೆ ಎಂಬ ಎರಡು ದೈತ್ಯ ರೈಲ್ವೆಗಳ ಒಡೆತನದ ಕಂಪನಿಗಳು 1983ರಲ್ಲಿ ಒಂದಾದವು. ರೈಲ್ವೆಗಳೂ ಒಂದಾಗಲು ಸರ್ಕಾರದ ಆಯೋಗದ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಬಂದೇ ಬರುತ್ತದೆಂಬ ಧೈರ್ಯದಲ್ಲಿ ನೂರಾರು ಎಂಜಿನ್ನುಗಳಿಗೆ ಕೆಂಪು ಹಳದಿಯ ಹೊಸ ಬಣ್ಣ ಬಳಿಸಿದರು. ಒಂದರ ಎಂಜಿನ್ನಿನ ಮೇಲೆ ‘ಎಸ್‌ಪಿ’ ಎಂದು ಬರೆದು ‘ಎಸ್‌ಎಫ್’ಗೆ ಜಾಗ ಬಿಟ್ಟರು. ಇನ್ನೊಂದರ ಮೇಲೆ ‘ಎಸ್‌ಎಫ್’ ಬರೆದು ಅದರ ಹಿಂದೆ ‘ಎಸ್‌ಪಿ’ಗೆ ಜಾಗ ಬಿಟ್ಟರು. 1986ರ ಜುಲೈಯಲ್ಲಿ ಆಯೋಗ ಆಗದು ಎಂದಿತು. ಆ ನಾಲ್ಕು ಅಕ್ಷರಗಳಿಗೆ ರೈಲ್ವೆ ಪ್ರಿಯರು ‘ಇಷ್ಟು ಬೇಗ ಬಣ್ಣ ಬಳಿಯಬಾರದಿತ್ತು’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಹೊಂದಿಸಿ ನಕ್ಕರು. ಮದುವೆ ಮುರಿದರೂ ಲಗ್ನಪತ್ರಿಕೆಯನ್ನು ಮೈಮೇಲೆ ಹೊತ್ತುಕೊಂಡು ಆ ಎಂಜಿನ್ನುಗಳು ವರ್ಷಗಟ್ಟಲೆ ಓಡಿದವು. ಕೆಂಪು ಮಾಸಿತು, ಹಳದಿಗೆ ಮಸಿ ಹಿಡಿಯಿತು, ಖಾಲಿ ಬಿಟ್ಟ ಜಾಗ ಖಾಲಿಯಾಗಿಯೇ ಉಳಿಯಿತು. ಸಾಂಟಾ ಫೆ 1995ರಲ್ಲಿ ಬರ್ಲಿಂಗ್ಟನ್ ನಾರ್ದರ್ನ್ ಜೊತೆಗೂ ಸದರ್ನ್ ಪೆಸಿಫಿಕ್ 1996ರಲ್ಲಿ ಯೂನಿಯನ್ ಪೆಸಿಫಿಕ್ ಜೊತೆಗೂ ಸೇರಿಹೋದವು.

ಇಂಗ್ಲೆಂಡಿನಲ್ಲೂ ಇಂಥದೇ ಸಂಗತಿ ನಡೆದಿದೆ. ಅಲ್ಲಿ ಕಲ್ಲಿದ್ದಲ ವ್ಯಾಪಾರಿಗಳು, ಗಣಿಗಳವರು ಸ್ವಂತ ವ್ಯಾಗನ್ ಇಟ್ಟುಕೊಂಡು ಅದರ ಮೇಲೆ ತಮ್ಮ ಹೆಸರು, ಊರನ್ನು ದಪ್ಪಕ್ಷರದಲ್ಲಿ ಬರೆಸುತ್ತಿದ್ದರು. 1939ರಲ್ಲಿ ಯುದ್ಧ ಶುರುವಾದಾಗ ಸರ್ಕಾರ ಎಲ್ಲವನ್ನೂ ಒಟ್ಟು ಮಾಡಿಕೊಂಡಿತು. 1948ರಲ್ಲಿ ರೈಲ್ವೆ ರಾಷ್ಟ್ರೀಕರಣವಾದಾಗ ಅವು ಹಿಂದಿರುಗಲೇ ಇಲ್ಲ. ಮತ್ತೆ ಬಣ್ಣ ಕಾಣದ ಹಲಗೆಗಳ ಮೇಲೆ ಲಕ್ಷಗಟ್ಟಲೆ ವ್ಯಾಗನ್‌ಗಳಲ್ಲಿ ಆ ಹೆಸರುಗಳು ಒಂದೊಂದು ಅಕ್ಷರವಾಗಿ ಉದುರಿದವು. ಬರಿ ಮರದ ಬೂದುಬಣ್ಣ, ಅಲ್ಲಲ್ಲಿ ಅರ್ಧ ಅಕ್ಷರ, ಮೂಲೆಯಲ್ಲಿ ಸಂಖ್ಯೆಗಾಗಿ ಬಳಿದ ಕರಿ ಚೌಕ. 1950ರ ಇಂಗ್ಲೆಂಡನ್ನು ಮಾಡುವವನು ಈ ಅರ್ಧ ಅಕ್ಷರವನ್ನು ಬರೆಯಬೇಕಾದರೆ ಮೊದಲು ಪೂರ್ತಿ ಅಕ್ಷರ ಏನಿತ್ತೆಂದು ಹುಡುಕಬೇಕು. ಯಾವುದೋ ಊರಿನ ಕಲ್ಲಿದ್ದಲ ವ್ಯಾಪಾರಿಯ ಹೆಸರನ್ನು ಪತ್ತೆಹಚ್ಚಿ, ಒಪ್ಪವಾಗಿ ಬರೆದು, ಮತ್ತೆ ಅಳಿಸಬೇಕು.

ಮಾಡುವ ಬಗೆಯನ್ನು ಬೇಗ ಹೇಳಿಬಿಡುತ್ತೇನೆ. ಇದನ್ನು ಕೇಳುವುದಕ್ಕಿಂತ ನೋಡುವುದು ಮೇಲು. ಮೊದಲು ಡಬ್ಬಿಯ ಮೂಲ ಬಣ್ಣಕ್ಕೇ ಸ್ವಲ್ಪ ಬಿಳಿ ಅಥವಾ ಕೆನೆಬಣ್ಣ ಬೆರೆಸಿ, ನೀರಿನಂತೆ ತೆಳ್ಳಗೆ ಮಾಡಿ, ಏರ್‌ಬ್ರಷ್‌ನಿಂದ ಅಕ್ಷರಗಳೂ ಸೇರಿ ಇಡೀ ಮೈಗೆ ಮಂಜಿನಂತೆ ಸಿಂಪಡಿಸಬೇಕು. ಮಾಸಿದ ಭಾವ ಮುಕ್ಕಾಲು ಪಾಲು ಬರುವುದು ಇದರಿಂದಲೇ. ಆಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಕರಿ ಶಾಯಿ ಸಂದುಗೊಂದುಗಳಿಗೆ. ಕಲಾವಿದರ ತೈಲವರ್ಣದ ಚುಕ್ಕೆಗಳನ್ನಿಟ್ಟು ಒದ್ದೆ ಕುಂಚದಿಂದ ಮೇಲಿನಿಂದ ಕೆಳಕ್ಕೆ ಎಳೆದರೆ ಮಳೆ ಇಳಿದ ಗೆರೆ. ಬಣ್ಣದ ಸೀಮೆಸುಣ್ಣವನ್ನು ಚಾಕುವಿನಿಂದ ಕೆರೆದ ಪುಡಿ ಧೂಳಿಗೆ. ಹಳೆಯ ತುಕ್ಕಿಗೆ ಕಡುಗಂದು, ಹೊಸ ತುಕ್ಕಿಗೆ ಕಿತ್ತಳೆ. ಕಿತ್ತಳೆ ಬಹಳ ಕಡಿಮೆ ಸಾಕು. ಹೊಳಪು ತೆಗೆಯಲು ಹಾಕುವ ‘ಡಲ್‌ಕೋಟ್’ ಎಂಬ ಲ್ಯಾಕರ್ ಮೇಲೆ ಸ್ಪಿರಿಟ್ ತಾಗಿದರೆ ಅದು ಬೆಳ್ಳಗೆ ಮಬ್ಬಾಗುತ್ತದೆ. ಮೊದಲ ಸಲ ಹಾಗಾದಾಗ ಡಬ್ಬಿ ಹಾಳಾಯಿತೆಂದು ತಲೆ ಮೇಲೆ ಕೈ ಹೊತ್ತು ಕುಳಿತಿದ್ದೆ. ಬಹಳ ಮಂದಿಗೆ ಹೀಗೆ ಆಗಿದೆ. ಆ ಮಬ್ಬು ಬಿಸಿಲಿಗೆ ಪುಡಿಯಾದ ಬಣ್ಣವನ್ನೇ ಹೋಲುವುದನ್ನು ಕಂಡು, ಈಗ ಅದನ್ನು ಬೇಕೆಂದೇ ಮಾಡುತ್ತಾರೆ. ಹಳಬರು ನೆಚ್ಚಿಕೊಂಡಿದ್ದ ‘ಫ್ಲೋಕ್ವಿಲ್’ ಬಣ್ಣಗಳ ತಯಾರಿಕೆ 2013ರಲ್ಲಿ ನಿಂತಿತು. ಆ ಹೆಸರಿನ ಮೇಲೆ ಬರೆದಿಟ್ಟ ಪಾಕವಿಧಾನಗಳೆಲ್ಲ ಈಗ ಅಂದಾಜಿನ ಲೆಕ್ಕ.

ಇನ್ನೊಂದು ಮಾತು. ಮೂರಡಿ ದೂರದಿಂದ ನಾವು ನೋಡುವ ಮಾದರಿ, ಅಳತೆಯ ಲೆಕ್ಕದಲ್ಲಿ 261 ಅಡಿ ದೂರದಲ್ಲಿರುತ್ತದೆ. ಅಷ್ಟು ದೂರದ ವಸ್ತುವಿನ ಬಣ್ಣ ಗಾಳಿಯ ಮಬ್ಬಿನಿಂದ ತುಸು ತಿಳಿಯಾಗುತ್ತದೆ. ಕೋಣೆಯ ದೀಪವೂ ಸೂರ್ಯನ ಮುಂದೆ ಬಡಪಾಯಿ. ಆದ್ದರಿಂದ ನಿಜವಾದ ಡಬ್ಬಿಯ ಬಣ್ಣವನ್ನೇ ತಂದು ಮಾದರಿಗೆ ಬಳಿದರೆ ಅದು ತೀರ ಕಪ್ಪಾಗಿ ಕಾಣುತ್ತದೆ. ಹೊಸ ಡಬ್ಬಿಗೂ ಒಂದಿಷ್ಟು ಬಿಳಿ ಬೆರೆಸಬೇಕಾಗುವುದು ಇದಕ್ಕೇ.

ಒಂದು ಆಕ್ಷೇಪಣೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಸ್ನೇಹಿತರೊಬ್ಬರು ಕೇಳಿದರು: ಹೊಸ ಮರಕ್ಕೆ ಹೊಗೆ ಹಿಡಿಸಿ ಹಳೆಯ ಕೆತ್ತನೆಯೆಂದು ಮಾರುವವನಿಗೂ ನಿಮಗೂ ಏನು ವ್ಯತ್ಯಾಸ? ದಿವಾಳಿಯಾದ ಕಂಪನಿ, ಕೆಲಸ ಕಳೆದುಕೊಂಡ ಜನ, ಅದರ ತುಕ್ಕು ನಿಮಗೆ ಅಲಂಕಾರವೇ? ಮಾರುವವನು ಸುಳ್ಳು ಹೇಳುತ್ತಾನೆ, ನಾವು ಹೇಳುವುದಿಲ್ಲ ಎಂಬುದು ಸುಲಭದ ಉತ್ತರ. ಎರಡನೆಯ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಕಣ್ಣಿಗೆ ಚೆಂದವೆಂದು ಮಾತ್ರ ತುಕ್ಕು ಬಳಿಯುವವರು ಇದ್ದಾರೆ. ಅವರ ಡಬ್ಬಿಗಳಲ್ಲಿ ಯಾವ ಕತೆಯೂ ಇರುವುದಿಲ್ಲ. ಆದರೆ ಎದುರಿನ ಪಕ್ಷವನ್ನೂ ನೋಡಬೇಕು. ನಿಜವಾದ ಹಳೆಯ ವ್ಯಾಗನ್ನನ್ನು ಸಂಗ್ರಹಾಲಯಕ್ಕೆ ತಂದಾಗ ಎಷ್ಟೋ ಕಡೆ ಮೊದಲು ಮಾಡುವುದು ಅದನ್ನು ಕೆರೆದು ಥಳಥಳಿಸುವ ಬಣ್ಣ ಬಳಿಯುವುದು. ಪದರ ಪದರವಾಗಿದ್ದ ಬಣ್ಣಗಳು, ತೇಪೆಗಳು, ಅಳಿದುಳಿದ ಅಕ್ಷರಗಳು ಒಂದು ಮಧ್ಯಾಹ್ನದಲ್ಲಿ ಹೋಗಿಬಿಡುತ್ತವೆ. ತಿಳಿದ ಸಂರಕ್ಷಕರು ಕೆರೆಯುವ ಮೊದಲು ಬಣ್ಣದ ಚಕ್ಕೆಯೊಂದನ್ನು ಎಬ್ಬಿಸಿ ಸೂಕ್ಷ್ಮದರ್ಶಕದಲ್ಲಿ ಪದರಗಳನ್ನು ಎಣಿಸಿ ದಾಖಲಿಸುತ್ತಾರೆ. ಎಲ್ಲರೂ ತಿಳಿದವರಲ್ಲ. ತುಕ್ಕನ್ನು ಹಾಗೇ ಬಿಟ್ಟರೆ ವ್ಯಾಗನ್ನೇ ಉಳಿಯುವುದಿಲ್ಲ ಎಂಬ ಅವರ ಕಷ್ಟವೂ ನಿಜವೇ. ಪರಿಣಾಮ ಮಾತ್ರ ವಿಚಿತ್ರ. ನಿಜವಾದ ಡಬ್ಬಿ ಆಟಿಕೆಯಂತೆ ಹೊಳೆಯುತ್ತ ನಿಂತಿದೆ. ಅದು ಬದುಕಿದ್ದಾಗ ಹೇಗಿತ್ತೆಂಬುದು 14 ಸೆಂಟಿಮೀಟರಿನ ಪ್ಲಾಸ್ಟಿಕ್ಕಿನ ಮೇಲೆ ಉಳಿದಿದೆ.

ಆ ಪ್ಲಾಸ್ಟಿಕ್ಕಿನ ಮೇಲಿರುವುದಾದರೂ ಎಷ್ಟು ನಿಜ? ಆಗಲೇ ಫೋಟೋಗಳ ವಿಷಯಕ್ಕೆ ಮರಳುತ್ತೇನೆಂದಿದ್ದೆ. ಡಬ್ಬಿಗಳು ಗುಜರಿಗೆ ಹೋಗಿವೆ. ಬಣ್ಣ ತಿಳಿಯಲು ನಮಗಿರುವುದು ಆ ಕಾಲದವರು ತೆಗೆದ ಬಣ್ಣದ ಸ್ಲೈಡುಗಳು. ಸ್ಲೈಡಿನ ಬಣ್ಣವೂ ಬಣ್ಣವೇ, ಅದೂ ಮಾಸುತ್ತದೆ. 1935ರಲ್ಲಿ ಬಂದ ಕೊಡಾಕ್ರೋಮ್ ಫಿಲ್ಮು ಕತ್ತಲಲ್ಲಿಟ್ಟರೆ ಬಹುಕಾಲ ಬಣ್ಣ ಕೆಡದೆ ಉಳಿಯುತ್ತದೆ. 2009ರಲ್ಲಿ ಅದರ ತಯಾರಿಕೆ ನಿಂತಿತು. ಅದೇ ಕಾಲದ ಬೇರೆ ಕೆಲವು ಫಿಲ್ಮುಗಳಲ್ಲಿ ಪೆಟ್ಟಿಗೆಯೊಳಗೇ ನೀಲಿ ಹಸಿರುಗಳು ಸೋರಿಹೋಗಿ ಚಿತ್ರವೆಲ್ಲ ಕೆಂಪಡರುತ್ತದೆ. ಕೆಂಪು ಹಳದಿಯ ಆ ಮುರಿದ ಮದುವೆಯ ಎಂಜಿನ್ನುಗಳಿಗೆ ಜನ ಇಟ್ಟ ಅಡ್ಡಹೆಸರು ‘ಕೊಡಾಕ್ರೋಮ್’. ಫಿಲ್ಮಿನ ಪೆಟ್ಟಿಗೆಯ ಬಣ್ಣಗಳು ಅವೇ ಆಗಿದ್ದವು. ಹೀಗೆ, ಮಾಸಿದ ಡಬ್ಬಿಯೊಂದರ ಚಿತ್ರ ನೋಡುವಾಗ ಮಾಸಿದ್ದು ಡಬ್ಬಿಯೋ ಚಿತ್ರವೋ ಎಂದು ಮೊದಲು ಕೇಳಿಕೊಳ್ಳಬೇಕು. ಚಿತ್ರದಲ್ಲಿ ಬಣ್ಣ ಖಚಿತವಾಗಿ ಗೊತ್ತಿರುವ ಏನಾದರೂ ಇದೆಯೇ ಎಂದು ಹುಡುಕುತ್ತೇನೆ. ಹಳಿಯ ಪಕ್ಕದ ಜಲ್ಲಿ, ಒಣ ಹುಲ್ಲು, ಯಾರದೋ ಬಿಳಿ ಅಂಗಿ. ಅಂಗಿ ಗುಲಾಬಿಯಾಗಿದ್ದರೆ ಡಬ್ಬಿಯ ಕೆಂಪನ್ನೂ ನಂಬುವಂತಿಲ್ಲ.

ಸದ್ಯ ನನ್ನ ಮೇಜಿನ ಮೇಲೆ ಒಂದು ಸದರ್ನ್ ಪೆಸಿಫಿಕ್ ಡಬ್ಬಿಯಿದೆ. ಅದರದೇ ಸಂಖ್ಯೆಯ ಡಬ್ಬಿಯ ಎರಡು ಚಿತ್ರಗಳು ಸಿಕ್ಕಿವೆ. ಒಂದೇ ವರ್ಷದವು. ಒಂದರಲ್ಲಿ ಕೆಮ್ಮಣ್ಣಿನ ಬಣ್ಣ, ಇನ್ನೊಂದರಲ್ಲಿ ಒಣಗಿದ ಗುಲಾಬಿಯ ಬಣ್ಣ. ಫಿಲ್ಮು ಬೇರೆಯೋ, ಒಂದನ್ನು ಮಳೆ ಬಂದ ಮೇಲೆ ತೆಗೆದದ್ದೋ, ಅಥವಾ ಎರಡು ಚಿತ್ರಗಳು ಎರಡು ಮಗ್ಗುಲಿನವೋ, ಇನ್ನೂ ನಿರ್ಧರಿಸಲಾಗಿಲ್ಲ. ಹಾಗಾಗಿ ಒಂದು ಮಗ್ಗುಲಿಗೆ ಮಾತ್ರ ಬಣ್ಣ ಬಳಿದು ಇಟ್ಟಿದ್ದೇನೆ. ಅದನ್ನೂ ಇವತ್ತು ತಂದಿದ್ದೇನೆ, ಆ ಕಡೆಯ ಮೇಜಿನ ಮೇಲಿದೆ. ದಯವಿಟ್ಟು ಹತ್ತಿರ ಬಂದು ನೋಡಿ, ಕೈಗೆತ್ತಿಕೊಂಡರೂ ಅಡ್ಡಿಯಿಲ್ಲ. ಸೀಮೆಸುಣ್ಣದ ಪುಡಿ ಬೆರಳಿಗೆ ಹತ್ತೀತು, ಒರೆಸಿಕೊಳ್ಳಲು ಬಟ್ಟೆ ಪಕ್ಕದಲ್ಲೇ ಇಟ್ಟಿದ್ದೇನೆ.